ಮೆಲ್ಲಗೆ

ನಮ್ಮ ಮನೆಯಲ್ಲಿ ಅತಿ ಹೆಚ್ಚು ಸಲ ಆಡಿದ ಮಾತು ಯಾವುದೆಂದು ಕೇಳಿದರೆ ನಾನು ಕಣ್ಣು ಮುಚ್ಚಿಕೊಂಡು ಹೇಳುತ್ತೇನೆ: ಮೆಲ್ಲಗೆ. ಬಾಗಿಲು ಮೆಲ್ಲಗೆ, ಬಕೆಟ್ಟು ಮೆಲ್ಲಗೆ, ನಗುವುದೂ ಮೆಲ್ಲಗೆ, ಅಪ್ಪ ಮಲಗಿದ್ದಾರೆ. ನನ್ನ ಮಗಳು ಕಲಿತ ಮೊದಲ ಮಾತು ಅಮ್ಮ, ಎರಡನೆಯದು ಮೆಲ್ಲಗೆ. ಮಕ್ಕಳೆಲ್ಲ ಬೊಂಬೆಯನ್ನು ಜೋಗುಳ ಹಾಡಿ ಮಲಗಿಸಿದರೆ ಇವಳು ಬೊಂಬೆಗೆ ದುಪ್ಪಟಿ ಹೊದಿಸಿ ಪಕ್ಕದ ಮನೆಯ ಮಕ್ಕಳನ್ನು ಗದರಿಸುತ್ತಿದ್ದಳು.

ನನ್ನ ಗಂಡ ಬ್ರೆಡ್ ಕಾರ್ಖಾನೆಯಲ್ಲಿ ಒಲೆಯ ಮೇಸ್ತ್ರಿಯಾಗಿದ್ದವರು. ಊರಿನವರು ಬೆಳಗ್ಗೆ ತಿನ್ನುವ ಬ್ರೆಡ್ಡು ರಾತ್ರಿಯೇ ಬೇಯಬೇಕಲ್ಲ, ಹಾಗಾಗಿ ಮದುವೆಗೆ ಮುಂಚಿನಿಂದಲೂ ಅವರದು ರಾತ್ರಿ ಪಾಳಿ. ನನ್ನದು ಪರದೆ ಹೊಲಿಯುವ ಅಂಗಡಿ. ಬಟ್ಟೆಯ ಬಣ್ಣ ಹಗಲಿನಲ್ಲೇ ಸರಿಯಾಗಿ ಕಾಣುವುದು, ಹಾಗಾಗಿ ನನ್ನದು ಹಗಲಿನ ಬಾಳು. ಅವರು ಮೈಯೆಲ್ಲ ಹಿಟ್ಟು ಮಾಡಿಕೊಂಡು ಬರುವ ಹೊತ್ತಿಗೆ ನಾನು ಎದ್ದು ಮಿಂದು ಆಗಿರುತ್ತಿತ್ತು. ನಾನು ಅಂಗಡಿ ಮುಚ್ಚಿ ಬರುವಾಗ ಅವರು ಶರ್ಟಿನ ಗುಂಡಿ ಹಾಕಿಕೊಳ್ಳುತ್ತಿದ್ದರು. ಊಟದ ಡಬ್ಬಿ ಬಾಗಿಲಲ್ಲಿ ಕೈ ಬದಲಾಗುತ್ತಿತ್ತು. ನಮ್ಮ ಸಂಸಾರವೆಲ್ಲ ಹೊಸ್ತಿಲ ಮೇಲೆಯೇ ನಡೆದುಹೋಯಿತು ಎಂದು ನಾನು ಗೊಣಗುವುದುಂಟು.

ಅವರು ಹಗಲು ಮಲಗಲೆಂದು ಕೋಣೆಯ ಕಿಟಕಿಗೆ ಎರಡು ಪದರದ ಕಪ್ಪು ಪರದೆ ಹೊಲಿದವಳು ನಾನೇ. ಬಿಸಿಲು ಒಂದು ಎಳೆಯಷ್ಟೂ ಒಳಗೆ ನುಸುಳದಂಥ ಪರದೆ. ನನ್ನ ಗಂಡನನ್ನು ನನ್ನಿಂದ ಮುಚ್ಚಿಡುವ ಪರದೆಯನ್ನು ನಾನೇ ಅಷ್ಟು ಚೆನ್ನಾಗಿ ಹೊಲಿದೆನಲ್ಲ ಎಂದು ಎಷ್ಟೋ ಮಧ್ಯಾಹ್ನ ನನ್ನ ಮೇಲೆಯೇ ಸಿಟ್ಟು ಬರುತ್ತಿತ್ತು.

ಮದುವೆ ಮುಂಜಿಗೆ ಹೋದರೂ ಅಷ್ಟೆ. ಅವರು ಬರುತ್ತಿದ್ದರು, ಇಲ್ಲವೆನ್ನುವುದಿಲ್ಲ. ಮುಂದಿನ ಸಾಲಿನಲ್ಲೇ ಕೂತು ತೂಕಡಿಸುತ್ತಿದ್ದರು. ಮಗಳ ಮದುವೆಯ ಫೋಟೋದಲ್ಲಿ ವಧೂವರರಿಬ್ಬರೂ ನಗುತ್ತಿದ್ದಾರೆ, ನಾನು ಬಿಗಿದುಕೊಂಡು ನಿಂತಿದ್ದೇನೆ, ಇವರು ಕಣ್ಣು ಮುಚ್ಚಿದ್ದಾರೆ. ಫೋಟೋದವನು ಮೂರು ಸಲ ತೆಗೆದ, ಮೂರರಲ್ಲೂ ಹಾಗೆಯೇ.

ರಜೆಯ ರಾತ್ರಿ ಮನೆಯಲ್ಲಿದ್ದರೂ ಅವರಿಗೆ ನಿದ್ದೆ ಹತ್ತದು. ನನ್ನ ನಿದ್ದೆ ಕೆಡಬಾರದೆಂದು ಮುಂದಿನ ಕೋಣೆಯಲ್ಲೇ ಕೂತಿರುತ್ತಿದ್ದರು. ಆಗೊಮ್ಮೆ ಈಗೊಮ್ಮೆ ಬಂದು ಕೋಣೆಯ ಬಾಗಿಲು ತಳ್ಳುವರು. ನನ್ನದೋ ಕೋಳಿನಿದ್ದೆ. ಬಾಗಿಲು ಕಿರ್ರೆಂದರೆ ಸಾಕು ಎದ್ದು ಕೂತು "ಏನ್ರೀ ಬೇಕಿತ್ತು?" ಎನ್ನುತ್ತಿದ್ದೆ. "ಏನಿಲ್ಲ, ಸುಮ್ನೆ" ಎಂದು ಬಾಗಿಲು ಎಳೆದುಕೊಂಡು ಹೋಗುತ್ತಿದ್ದರು. ಈ ಮನುಷ್ಯ ಏನು ಹುಡುಕುತ್ತಾರೋ ಎಂದುಕೊಂಡು ನಾನು ಮಗ್ಗುಲಾಗುತ್ತಿದ್ದೆ.

ಕೊನೆಗೂ ನಿವೃತ್ತರಾದರು. ಆದರೆ ಆ ಸುದ್ದಿ ಅವರ ದೇಹಕ್ಕೆ ಯಾರೂ ತಲುಪಿಸಿರಲಿಲ್ಲ. ಕಾರ್ಖಾನೆ ಬಿಟ್ಟು ತಿಂಗಳುಗಳಾದರೂ ಕತ್ತಲಾದರೆ ಚುರುಕಾಗಿ ಎದ್ದು ಕೂರುವರು, ಬೆಳಗಾದರೆ ಬಾಡಿ ಬೀಳುವರು. ಅವರಿಗೆ ಖುಷಿಯಾಗಲೆಂದು ಮಗಳು ಎಲ್ಲರಿಗೂ ಹಡಗಿನ ಪ್ರವಾಸ ಗೊತ್ತು ಮಾಡಿದಳು. ಹಡಗು ಹೊರಡುವುದು ಭೂಮಿಯ ಆ ಬದಿಯ ಯಾವುದೋ ಬಂದರಿನಿಂದ. ವಿಮಾನದಲ್ಲಿ ಹೋಗಿ, ಒಂದು ದಿನ ಆ ಊರು ನೋಡಿ, ಮಾರನೆಯ ದಿನ ಹಡಗು ಹತ್ತುವುದು.

ಮಗಳು ಆಸ್ಪತ್ರೆಯಲ್ಲಿ ಹಿರಿಯ ನರ್ಸು. ವಾರ್ಡಿನ ನರ್ಸುಗಳಿಗೆಲ್ಲ ಡ್ಯೂಟಿ ಹಾಕುವವಳು ಅವಳೇ. ಹಾಗಾಗಿ ನಮ್ಮ ಪ್ರವಾಸಕ್ಕೂ ಡ್ಯೂಟಿ ಹಾಕಿಕೊಂಡು ಬಂದಳು. ಒಂದು ಭಾನುವಾರ ಸಂಜೆ ಊಟದ ಮೇಜಿನ ಮೇಲೆ ದೊಡ್ಡ ಹಾಳೆ ಹರಡಿ, ಅದು ಸುರುಳಿ ಸುತ್ತಿಕೊಳ್ಳದಂತೆ ನಾಲ್ಕು ಮೂಲೆಗೆ ನನ್ನ ಸ್ಟೀಲ್ ಲೋಟಗಳನ್ನು ಇಟ್ಟಳು. ಅಳಿಯ ಪಕ್ಕದಲ್ಲಿ ಕೂತಿದ್ದ. ಅವನು ಕೂತಲ್ಲೇ ನಿದ್ದೆ ಮಾಡುವ ಪುಣ್ಯವಂತ, ಬಸ್ಸು, ಬ್ಯಾಂಕು, ಕ್ಷೌರದಂಗಡಿ ಯಾವುದಾದರೂ ಸರಿ. ಮೊಮ್ಮಗಳು ಗುಬ್ಬಿ ಮೇಜಿನ ಕೆಳಗೆ ಹಡಗು ಓಡಿಸುತ್ತಿದ್ದಳು.

"ಜೆಟ್‌ಲ್ಯಾಗ್ ಅಂದ್ರೆ ತಮಾಷೆ ಅಲ್ಲ" ಎಂದು ಮಗಳು ಶುರು ಮಾಡಿದಳು. "ಇಲ್ಲಿ ರಾತ್ರಿ ಆದಾಗ ಅಲ್ಲಿ ಹಗಲು. ನಾವು ಇಳಿಯೋದು ಬೆಳಗ್ಗೆ. ಅಮ್ಮಂಗೆ ಆವಾಗ ಗಾಢ ನಿದ್ದೆ ಹೊತ್ತು. ಎಲ್ಲರ್ನೂ ಒಟ್ಟಿಗೆ ಸುತ್ತಿಸಿದ್ರೆ ಯಾರೂ ಏನೂ ನೋಡಲ್ಲ."

"ಮತ್ತೆ ನಾನು?" ಎಂದರು ಇವರು.

"ನಿಮ್ಗೇನಪ್ಪ! ನಿಮ್ಗೆ ಜೆಟ್‌ಲ್ಯಾಗೇ ಆಗಲ್ಲ. ನೀವು ಇಷ್ಟು ವರ್ಷದಿಂದ ಆ ಊರಿನ ಗಡಿಯಾರದಲ್ಲೇ ಬದುಕ್ತಾ ಇದ್ದೀರ."

ಅವರಿಗೆ ಹಿಗ್ಗೋ ಹಿಗ್ಗು. "ನೋಡ್ದೇನೆ? ನಾನು ಆ ಊರಿನವ್ನು. ಇಲ್ಲಿ ಬಾಡಿಗೆಗೆ ಇದ್ದೆ ಅಷ್ಟೆ."

ನಾನು ನಗಲಿಲ್ಲ. ಹಾಗಾದರೆ ಆ ಊರಿನಲ್ಲಿ ಈ ಮನುಷ್ಯ ಹಗಲು ಹೊತ್ತು ಎಚ್ಚರವಾಗಿರುತ್ತಾರೆ. ತೂಕಡಿಸದೆ, ಆಕಳಿಸದೆ, ಕಣ್ಣು ಪೂರ್ತಿ ಬಿಟ್ಟುಕೊಂಡು, ಬಿಸಿಲಿನಲ್ಲಿ ನನ್ನ ಪಕ್ಕ ನಡೆಯುತ್ತಾರೆ. ನನಗೆ ಕೋಟೆ ಕೊತ್ತಲ ಬೇಕಿರಲಿಲ್ಲ, ಹಡಗೂ ಬೇಕಿರಲಿಲ್ಲ. ಹಗಲಲ್ಲಿ ಗಂಡನ ಜೊತೆ ಒಂದು ಬೀದಿಯ ಈ ತುದಿಯಿಂದ ಆ ತುದಿಗೆ ನಡೆಯಬೇಕಿತ್ತು. ಅಂಗಡಿಗಳ ಗಾಜಿನೊಳಗೆ ಇಣುಕಬೇಕು, ಎಡಕ್ಕೋ ಬಲಕ್ಕೋ ಎಂದು ಜಗಳವಾಡಬೇಕು. ಹೊಸದಾಗಿ ಮದುವೆಯಾದವಳು ಪಟ್ಟ ಆಸೆ ಅದು. ತಲೆ ನರೆತರೂ ಆ ಆಸೆ ಮಾತ್ರ ನರೆಯದೆ ಹಾಗೇ ಕೂತಿತ್ತು.

ಮಗಳು ಹಾಳೆಯ ಮೇಲೆ ಬೆರಳಿಟ್ಟು ಹೇಳಿದಳು, "ಮೊದಲ ದಿನ ಅಪ್ಪ ಮತ್ತೆ ನಮ್ಮನೆಯವ್ರು ಹಳೇ ಪೇಟೆ, ಮೀನಿನ ಮಾರ್ಕೆಟ್ಟು, ಗಡಿಯಾರದ ಗೋಪುರ. ಅಮ್ಮ ಗುಬ್ಬಿ ಜೊತೆ ಹೋಟೆಲ್‌ನಲ್ಲಿ ರೆಸ್ಟು. ಸಂಜೆ ಅಪ್ಪ ವಾಪಸ್ ಬಂದ್ಮೇಲೆ ಅಮ್ಮ ನನ್ ಜೊತೆ ಪಾರ್ಕು."

"ಅಲ್ಲೂ ಶಿಫ್ಟಾ?" ಎಂದೆ ನಾನು.

ದನಿ ನನಗೇ ಹೊಸದಾಗಿ ಕೇಳಿಸಿತು. ಅಳಿಯ ಬೆಚ್ಚಿ ಎಚ್ಚರಗೊಂಡ. ಗುಬ್ಬಿ ಮೇಜಿನ ಕೆಳಗಿನಿಂದ ತಲೆ ಹೊರಹಾಕಿದಳು.

"ಅಮ್ಮ, ಹಡಗಲ್ಲಿ ವಾರಗಟ್ಟಲೆ ಒಟ್ಟಿಗೇ ಇರ್ತೀರಲ್ಲ."

"ಹಡಗಲ್ಲಿ ಬೀದಿ ಇದ್ಯಾ?" ಎಂದೆ. "ಇಲ್ಲ ತಾನೆ? ಹಾಗಾದ್ರೆ ಸುಮ್ನಿರು. ಆ ಒಂದು ದಿನ ನಾನು ನಿಮ್ಮಪ್ಪನ ಜೊತೆ ಹೋಗ್ತೀನಿ. ನಾವಿಬ್ರೇ. ನಾನು ಎಚ್ಚರವಾಗಿರ್ತೀನಿ, ನಿನ್ ಹಾಳೆ ಏನಾದ್ರೂ ಹೇಳ್ಲಿ."

ಮಗಳು ನನ್ನ ಮುಖವನ್ನೇ ನೋಡಿದಳು. ಆಮೇಲೆ ರಬ್ಬರು ತೆಗೆದುಕೊಂಡು ಅಳಿಯನ ಹೆಸರನ್ನು ಉಜ್ಜಿ ಹಾಕಿದಳು. ಅಳಿಯನಿಗೆ ಹೋಟೆಲಿನಲ್ಲಿ ರೆಸ್ಟು ಎಂದಾದ ಮೇಲೆ ಅವನ ಸಂತೋಷಕ್ಕೆ ಪಾರವೇ ಇರಲಿಲ್ಲ. ನನ್ನ ಗಂಡ ಲೋಟಗಳನ್ನು ಒಂದೊಂದಾಗಿ ಎತ್ತಿಟ್ಟರು.

ಹೊರಡುವ ಮುಂಚೆ ದಿನಾ ಸ್ವಲ್ಪ ಸ್ವಲ್ಪವಾಗಿ ತಡವಾಗಿ ಮಲಗಿದರೆ ಮೈ ಒಗ್ಗುತ್ತದೆ ಎಂದು ಮಗಳೇ ಹೇಳಿಕೊಟ್ಟಳು. ನಾನು ಹಟ ಹಿಡಿದು ಮಾಡಿದೆ. ಕಣ್ಣಿಗೆ ತಣ್ಣೀರು ಹಾಕಿಕೊಂಡು ಮೆಷಿನ್ನಿನ ಮುಂದೆ ಕೂತು ಗಿರಾಕಿಯೊಬ್ಬರ ಪರದೆಗೆ ಒಳಪದರದ ಬಟ್ಟೆಯನ್ನು ಹೊರಮುಖಕ್ಕೆ ಹೊಲಿದಿಟ್ಟೆ. ಅಷ್ಟು ವರ್ಷದಲ್ಲಿ ಅಂಥ ಅಚಾತುರ್ಯ ಆಗಿದ್ದೇ ಇಲ್ಲ. ಬಿಚ್ಚಿ ಮತ್ತೆ ಹೊಲಿಯುವಾಗ ಸಿಟ್ಟು ಬರಲಿಲ್ಲ, ನಗು ಬಂತು. ಈ ವಯಸ್ಸಿನಲ್ಲಿ ಇದೆಂಥ ಹುಚ್ಚು ಎಂದುಕೊಂಡೆ. ಅಷ್ಟೆಲ್ಲ ಮಾಡಿ ವಿಮಾನದಲ್ಲಿ ಒಂದು ಕ್ಷಣವೂ ರೆಪ್ಪೆ ಮುಚ್ಚಲಾಗಲಿಲ್ಲ. ಸೀಟು ಸರಿಯಿಲ್ಲ, ಕಾಲು ಜೋಮು, ಮನಸ್ಸಿನಲ್ಲಿ ಬೀದಿ. ಪಕ್ಕದಲ್ಲಿ ಇವರೂ ಎಚ್ಚರವಾಗಿದ್ದು ನಡುನಡುವೆ ನನ್ನ ಕಡೆ ತಿರುಗಿ "ಮಲ್ಗು, ಮಲ್ಗು" ಎನ್ನುತ್ತಿದ್ದರು. ನನ್ನ ಕಾಟ ತಪ್ಪಲಿ ಎಂದಿರಬೇಕು ಎಂದು ಮುನಿಸಿಕೊಂಡೆ.

ಇಳಿದ ಮೇಲೆ ಮುಖ ತೊಳೆದು, ಬಟ್ಟೆ ಬದಲಿಸಿ, ಇಬ್ಬರೂ ಬೀದಿಗೆ ಬಂದೆವು. ಬಿಸಿಲು ಹದವಾಗಿತ್ತು. ಕಲ್ಲು ಹಾಸಿದ ಇಳಿಜಾರು ಬೀದಿ, ಎರಡೂ ಬದಿಗೆ ಅಂಗಡಿ, ಕೊನೆಯಲ್ಲಿ ನೀರು ಹೊಳೆಯುತ್ತಿತ್ತು. ನಾನು ನೋಡಿದ್ದು ಅವರನ್ನು. ಮನೆಯಲ್ಲಿ ಹಗಲು ಹೊತ್ತು ಬಾಡಿದ ಸೊಪ್ಪಿನಂತಿರುತ್ತಿದ್ದ ಮನುಷ್ಯ ನೀರು ಚಿಮುಕಿಸಿದಂತೆ ಎದ್ದು ನಿಂತಿದ್ದರು. ಕಣ್ಣು ಪೂರ್ತಿ ತೆರೆದಿತ್ತು. ಬಿಸಿಲು ಬಿದ್ದಾಗ ಆ ಕಣ್ಣಿನಲ್ಲಿ ಜೇನಿನ ಬಣ್ಣ ಇದೆಯೆಂದು ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ. ಬಣ್ಣದಲ್ಲೇ ಬದುಕಿದ ನನಗೆ ಗೊತ್ತಿರಲಿಲ್ಲ!

ಬ್ರೆಡ್ಡಿನ ಅಂಗಡಿ ಕಂಡದ್ದೇ ಒಳಗೆ ನುಗ್ಗಿದರು. ಒಂದು ಬ್ರೆಡ್ಡನ್ನು ಮಗುಚಿ, ತಳಕ್ಕೆ ಬೆರಳ ಗೆಣ್ಣಿನಿಂದ ತಟ್ಟಿ, ಕಿವಿಗೆ ಹಿಡಿದುಕೊಂಡರು.

"ಏನಂತೆ?" ಎಂದೆ.

"ಇನ್ನೂ ಸ್ವಲ್ಪ ಬೇಯ್ಬೇಕಿತ್ತಂತೆ."

ಅಂಗಡಿಯವಳು ಹುಬ್ಬು ಗಂಟು ಹಾಕಿದಳು. ಭಾಷೆ ಬರದಿದ್ದದ್ದು ಒಳ್ಳೆಯದಾಯಿತು. ಅದನ್ನೇ ಕೊಂಡು, ಮುರಿದು ತಿನ್ನುತ್ತ ನಡೆದೆವು. ಗೋಪುರಕ್ಕೆ ಎಡಕ್ಕೆ ಎಂದರು ಅವರು, ಬಲಕ್ಕೆ ಎಂದೆ ನಾನು. ಚೆನ್ನಾಗಿ ಜಗಳವಾಡಿದೆವು. ದಾರಿ ನೇರಕ್ಕಿತ್ತು.

ಸುಖವಾಗಿತ್ತು. ಅಷ್ಟರಲ್ಲಿ ನಿದ್ದೆ ಕಾಲಿನಿಂದ ಏರತೊಡಗಿತು. ಮೊದಲು ಪಾದ ಭಾರ, ಆಮೇಲೆ ಮಂಡಿ. ಅವರ ಮಾತು ಬಾವಿಯೊಳಗಿನಿಂದ ಬಂದಂತೆ ಕೇಳಿಸಿತು. ಕೈ ಚಿವುಟಿಕೊಂಡೆ, ತುಟಿ ಕಚ್ಚಿಕೊಂಡೆ. ಗೋಪುರದ ಮುಂದೆ ಜನ ಸಾಲುಗಟ್ಟಿ ನಿಂತಿದ್ದರು. ಎದುರಿಗೆ ನೀರಿನ ಕಡೆ ಮುಖ ಮಾಡಿ ಒಂದು ಬೆಂಚಿತ್ತು.

"ಸಾಲು ಕರಗೋವರ್ಗೂ ಕೂತ್ಕೊಳ್ಳೋಣ" ಎಂದರು.

"ನಂಗೇನೂ ನಿದ್ದೆ ಬಂದಿಲ್ಲ" ಎಂದೆ.

"ಬಂದಿದೆ ಅಂತ ಯಾರಂದ್ರು?"

ಕೂತೆ. ಕಣ್ಣನ್ನು ಒಂದು ನಿಮಿಷ ಮುಚ್ಚಿದರೆ ಏನೂ ಆಗುವುದಿಲ್ಲ ಎಂದು ಅನ್ನಿಸಿದ್ದಷ್ಟೇ ನೆನಪು.

ಎಚ್ಚರವಾದದ್ದು ಒಂದು ಮಾತಿಗೆ.

"ಮೆಲ್ಲಗೆ! ಅಜ್ಜಿ ಮಲ್ಗಿದ್ದಾಳೆ."

ಅದು ಅವರ ದನಿ. ಆ ಮಾತನ್ನು ಇಡೀ ಬಾಳು ನಾನೇ ಆಡಿದ್ದೆ. ನನಗಾಗಿ ಯಾರಾದರೂ ಆಡಿದ್ದನ್ನು ಕೇಳಿರಲಿಲ್ಲ. ಕಣ್ಣು ತೆರೆದರೆ ನನ್ನ ತಲೆ ಅವರ ಭುಜದ ಮೇಲಿತ್ತು, ಅವರ ಕೋಟು ನನ್ನ ಮೇಲಿತ್ತು. ಮಗಳು, ಅಳಿಯ, ಗುಬ್ಬಿ ನಮ್ಮನ್ನು ಹುಡುಕಿಕೊಂಡು ಬಂದು ಸಾಲಾಗಿ ನಿಂತಿದ್ದರು. ಗೋಪುರದ ಬಾಗಿಲು ಮುಚ್ಚಿತ್ತು. ನೀರಿನ ಮೇಲೆ ಬಿಸಿಲು ಕೆಂಪಗಾಗಿತ್ತು.

ನನಗೆ ಅಳು ಒತ್ತರಿಸಿ ಬಂತು. ಇಷ್ಟು ವರ್ಷ ಕಾದು, ಜಗಳವಾಡಿ ಗಿಟ್ಟಿಸಿಕೊಂಡ ಹಗಲು, ಅದನ್ನು ಗೊರಕೆ ಹೊಡೆದು ಕಳೆದೆನಲ್ಲ!

"ಎಬ್ಬಿಸ್ಬಾರ್ದಿತ್ತೇನ್ರೀ?" ಎಂದು ಅವರ ಮೇಲೆ ಹಾಯ್ದೆ. "ಎಲ್ಲಾ ಹಾಳಾಯ್ತು. ಒಂದೇ ಒಂದು ದಿನ ಇದ್ದದ್ದು. ನೀವಾದ್ರೂ ಹೋಗಿ ನೋಡ್ಕೊಂಡು ಬರ್ಬಾರ್ದಿತ್ತಾ?"

"ನೋಡ್ದೆನಲ್ಲ" ಎಂದರು.

"ಏನು ನೋಡಿದ್ರಿ? ಕಲ್ಲು ಕೂತ ಹಾಗೆ ಕೂತಿದ್ದೀರ ಇಲ್ಲೇ!"

"ನೀನು ಬಲಗೈ ಮುಷ್ಟಿ ಹಿಡ್ಕೊಂಡು ಮಲಗ್ತೀಯ. ಒಳಗೆ ಸೂಜಿ ಇಟ್ಕೊಂಡಿರೋ ಹಾಗೆ. ಗೊತ್ತಾ ನಿಂಗೆ?"

ನಾನು ನನ್ನ ಬಲಗೈಯನ್ನು ತಿರುಗಿಸಿ ನೋಡಿಕೊಂಡೆ.

"ನಡುವೆ ಒಂದ್ಸಲ ಯಾರ್ನೋ ಬೈದೆ. ನನ್ನೇ ಇರ್ಬೇಕು. ಆಮೇಲೆ ನಕ್ಕೆ." ಅವರು ನೀರಿನ ಕಡೆ ನೋಡುತ್ತ ಹೇಳುತ್ತಿದ್ದರು. "ನಾನು ಮಲ್ಗಿದ್ದನ್ನ ನೀನು ದಿನಾ ನೋಡಿದ್ದೀಯ. ನೀನು ಮಲ್ಗಿದ್ದನ್ನ ನಾನು ಒಂದ್ಸಲನೂ ನೋಡಿರ್ಲಿಲ್ಲ ಕಣೆ. ಬಾಗ್ಲು ಒಂಚೂರು ತೆಗೆದ್ರೆ ಸಾಕು, ಎದ್ದು ಕೂತು ಏನ್ ಬೇಕಿತ್ತು ಅಂತಿದ್ದೆ. ವಿಮಾನದಲ್ಲೂ ಕಾದೆ, ನೀನು ಮಲಗ್ಲೇ ಇಲ್ಲ."

ಆ ಎಲ್ಲ ರಾತ್ರಿಗಳ ಕಿರ್ರೆನ್ನುವ ಬಾಗಿಲು ನನ್ನ ಕಿವಿಯಲ್ಲಿ ಒಟ್ಟಿಗೆ ಸದ್ದು ಮಾಡಿತು. ಏನಿಲ್ಲ, ಸುಮ್ನೆ. ಏನಿಲ್ಲ, ಸುಮ್ನೆ. ನನ್ನೊಬ್ಬಳಿಗೇ ಆಸೆ ಇರುವುದು ಎಂದು ಬೀಗಿಕೊಂಡು, ಅವರು ಬಂದಾಗಲೆಲ್ಲ ಬಾಗಿಲಲ್ಲೇ ನಿಲ್ಲಿಸಿ ಕಳಿಸಿದ್ದೆ.

"ಹೇಳ್ಬಾರ್ದಿತ್ತಾ?" ಎಂದೆ.

"ಏನಂತ ಹೇಳ್ಲಿ? ನಿದ್ದೆ ಮಾಡು, ನೋಡ್ಬೇಕು ಅಂತಾನಾ? ಹೇಳಿದ್ರೆ ನೀನು ಮಲಗ್ತಿದ್ಯಾ?"

ಮಗಳು ಮುಖ ಆ ಕಡೆ ತಿರುಗಿಸಿಕೊಂಡು ಮೂಗೊರೆಸಿಕೊಂಡಳು. ಅಳಿಯನಂತೂ ಅಪರೂಪಕ್ಕೆ ಪೂರ್ತಿ ಎಚ್ಚರವಾಗಿದ್ದ. ಗುಬ್ಬಿಗೆ ಮಾತ್ರ ತಾಳ್ಮೆ ಮುಗಿದಿತ್ತು.

"ಅಜ್ಜಿ ಎದ್ರಲ್ಲ ತಾತ, ಇನ್ನು ಜೋರಾಗಿ ಮಾತಾಡ್ಬಹುದಾ?"

ನಾನು ಕೋಟನ್ನು ಕುತ್ತಿಗೆಯವರೆಗೆ ಎಳೆದುಕೊಂಡು, ತಲೆಯನ್ನು ಮತ್ತೆ ಅವರ ಭುಜಕ್ಕೆ ಒರಗಿಸಿ, ಕಣ್ಣು ಮುಚ್ಚಿದೆ. ನಿದ್ದೆ ಚೂರೂ ಇರಲಿಲ್ಲ. ನೆನಪು ಮಾಡಿಕೊಂಡು ಬಲಗೈ ಮುಷ್ಟಿ ಹಿಡಿದೆ.

"ಮೆಲ್ಲಗೆ" ಎಂದರು ಅವರು.