ರೊಟ್ಟಿ ಬಡಿಯುವವಳ ಬುತ್ತಿ

ರಂಗಂಪೇಟೆಯ ಭಾರತಿ ದಿನಕ್ಕೆ ಇನ್ನೂರ ಇಪ್ಪತ್ತು ಜೋಳದ ರೊಟ್ಟಿ ಬಡಿಯುತ್ತಾಳೆ. ಕಳೆದ ಐದು ತಿಂಗಳಲ್ಲಿ ಅವುಗಳಲ್ಲಿ ಒಂದನ್ನೂ ಆಕೆ ಬಾಯಿಗೆ ಇಟ್ಟಿಲ್ಲ.

ಇದರಲ್ಲಿ ಮುಚ್ಚುಮರೆಯೇನೂ ಇರಲಿಲ್ಲ. ಕೇಳುವವರು ಇರಲಿಲ್ಲ, ಅಷ್ಟೆ. ಕೇಳಿದವನು ಸಿಕ್ಕಿದ್ದು ಒಂದು ಗುರುವಾರ ಮಧ್ಯಾಹ್ನ, ಸುರಪುರದಲ್ಲಿ ತಿರುಪತಿ ಎಂಬವನು ನಡೆಸುವ ಖಾನಾವಳಿಯಲ್ಲಿ. ರೊಟ್ಟಿ ಬುಟ್ಟಿ ಇಳಿಸಿದ ಭಾರತಿಗೆ ಹಸಿವಾಗಿತ್ತು. ಮೂಲೆಯ ಬೆಂಚಿನಲ್ಲಿ ಕುಳಿತು ಮನೆಯಿಂದ ತಂದ ಡಬ್ಬಿ ಬಿಚ್ಚಿದಳು. ಕೋಸಿನ ಪಲ್ಯ, ಕೋಳಿಯ ತುಂಡು, ಮೇಲೆ ಕರಗಿ ಹೆಪ್ಪುಗಟ್ಟಿದ ಹಳದಿ ಚೀಸು. ಪಕ್ಕದಲ್ಲಿ ಉಣ್ಣುತ್ತಿದ್ದ ಗಿರಾಕಿ ಕತ್ತು ಚಾಚಿ ನೋಡಿದ. ಅವನ ಕಣ್ಣು ಡಬ್ಬಿಯಲ್ಲಿ ರೊಟ್ಟಿ ಹುಡುಕಿತು, ಸಿಗಲಿಲ್ಲ. ಅವಳೇ ಬಡಿದ ರೊಟ್ಟಿ ಅವನ ತಟ್ಟೆಯಲ್ಲಿತ್ತು.

“ನಿನ್ನ ರೊಟ್ಟಿ ನೀನ ತಿನ್ನಂಗಿಲ್ಲೇನ್ ಯವ್ವಾ?”

“ಇಲ್ರಿ” ಎಂದಳು ಭಾರತಿ. ಕಾರಣ ಹೇಳಬೇಕೆಂದು ಆಕೆಗೆ ಅನಿಸಲಿಲ್ಲ.

ಆ ಒಂದು ಮಾತು ಶುಕ್ರವಾರದ ಹೊತ್ತಿಗೆ, ಅವಳು ಜೋಳದ ಹಿಟ್ಟಿಗೆ ಮೈದಾ ಬೆರೆಸುತ್ತಾಳಂತೆ ಎಂದಾಯಿತು. ಶನಿವಾರ ಮೈದಾ ಹೋಗಿ ರೇಷನ್ ಅಕ್ಕಿಯ ಹಿಟ್ಟು ಬಂತು. ಭಾನುವಾರ ಖಾನಾವಳಿಯಲ್ಲಿ ಐವತ್ತೆರಡು ರೊಟ್ಟಿ ಉಳಿದವು. ಸೋಮವಾರ ಬೆಳಿಗ್ಗೆ ತಿರುಪತಿಯೇ ರಂಗಂಪೇಟೆಗೆ ಬಂದ.

ತಿರುಪತಿ ಕೆಟ್ಟವನಲ್ಲ. ಒಂಬತ್ತು ವರ್ಷದಿಂದ ದಿನವೂ ಅವಳ ಹತ್ತಿರ ನೂರೈವತ್ತು ರೊಟ್ಟಿ ತೆಗೆದುಕೊಳ್ಳುತ್ತಿದ್ದ. ಉಳಿದ ಎಪ್ಪತ್ತು ಮನೆಗಳಿಗೆ ಹೋಗುತ್ತಿದ್ದವು. ಗಂಡ ರಾಮಣ್ಣ ಓಡಿಸುವ ಟಂಟಂ ಆಟೋ ವಾರಕ್ಕೆರಡು ದಿನ ರಿಪೇರಿಯಲ್ಲೇ ನಿಲ್ಲುತ್ತಿತ್ತು. ಖಾನಾವಳಿ ಕೈಬಿಟ್ಟರೆ ಮನೆ ನಡೆಯುವುದಿಲ್ಲ ಎಂಬುದು ಭಾರತಿಗೂ ಗೊತ್ತು, ತಿರುಪತಿಗೂ ಗೊತ್ತು.

ಅವಳು ರೊಟ್ಟಿ ಬಿಟ್ಟದ್ದಕ್ಕೆ ಕಾರಣ ಇಷ್ಟು. ನಾಲ್ಕು ವರ್ಷದ ಹಿಂದೆ ಸಕ್ಕರೆ ಕಾಯಿಲೆ ಇದೆಯೆಂದು ಗೊತ್ತಾದಾಗ ಕಂಡಕಂಡವರೆಲ್ಲ ಒಂದೇ ಮಾತು ಹೇಳಿದ್ದರು: ಅನ್ನ ಬಿಡು, ರೊಟ್ಟಿ ತಿನ್ನು. ಈ ಸೀಮೆಯಲ್ಲಿ ಸಕ್ಕರೆ ಇರುವ ಅರ್ಧ ಮಂದಿ ನಡೆಸುವ ಪಥ್ಯ ಇದೇ. ಎಷ್ಟು ರೊಟ್ಟಿ ಎಂದು ಯಾರೂ ಹೇಳಲಿಲ್ಲ, ಅವಳೂ ಕೇಳಲಿಲ್ಲ. ಅನ್ನವನ್ನು ವಿಷದಂತೆ ದೂರ ಇಟ್ಟು ರೊಟ್ಟಿಯನ್ನು ಔಷಧದಂತೆ ತಿಂದಳು: ಬೆಳಿಗ್ಗೆ ಎರಡು, ಮಧ್ಯಾಹ್ನ ನಾಲ್ಕು, ಸಂಜೆ ನಾಲ್ಕು. ಅನ್ನಕ್ಕಿಂತ ಜೋಳ ವಾಸಿ ಎಂಬುದು ಸುಳ್ಳಲ್ಲ. ಎಷ್ಟು ತಿಂದರೂ ನಡೆಯುತ್ತದೆ ಎಂಬುದು ಸುಳ್ಳು.

ಆ ಸುಳ್ಳು ಬಯಲಾದದ್ದು ಡಿಸೆಂಬರಿನಲ್ಲಿ. ಅವಳ ಜೊತೆ ಕೆಲಸಕ್ಕೆ ಬರುವ ಪಕ್ಕದ ಮನೆಯ ಶರೀಫಾಬೀ ಹಂಚಿನ ಮೇಲೆ ರೊಟ್ಟಿ ತಿರುವುತ್ತಿದ್ದಳು. ಏನೋ ಸುಟ್ಟ ವಾಸನೆ ಬಂತು. ಇಬ್ಬರೂ ಹಂಚಿನತ್ತ ನೋಡಿದರು. ರೊಟ್ಟಿ ಸರಿಯಾಗಿಯೇ ಇತ್ತು. ಒಲೆಯಿಂದ ಸಿಡಿದ ಕೆಂಡ ಭಾರತಿಯ ಎಡಗಾಲಿನ ಕಿರುಬೆರಳ ಮೇಲೆ ಕುಳಿತಿತ್ತು. ಸಕ್ಕರೆಯಿಂದ ಮರಗಟ್ಟಿದ ಕಾಲಿಗೆ ಅದು ಗೊತ್ತೇ ಆಗಿರಲಿಲ್ಲ.

ಗಾಯ ಮಾಯಲು ಎರಡೂವರೆ ತಿಂಗಳು ಹಿಡಿಯಿತು. ಶಹಾಪುರದ ಮೇಲೆ ಹಾಯ್ದು ಯಾದಗಿರಿಗೆ ಹೋಗಿ ಡಾಕ್ಟರ್ ಶಾಂಭವಿಗೆ ತೋರಿಸಿದಳು. ಮೂರು ತಿಂಗಳ ಸರಾಸರಿ ತೋರಿಸುವ ರಕ್ತಪರೀಕ್ಷೆಯಲ್ಲಿ ಏಳರ ಆಸುಪಾಸು ಇರಬೇಕಾದ ಅಂಕಿ 10.4 ಬಂದಿತ್ತು. ದಿನಕ್ಕೆ ಹತ್ತು ರೊಟ್ಟಿ ಎಂದು ಕೇಳಿದ ಡಾಕ್ಟರು ಪೆನ್ನು ಕೆಳಗಿಟ್ಟರು. ಆಮೇಲೆ ಚೀಟಿಯಲ್ಲಿ ಬರೆದದ್ದು ಕನ್ನಡದಲ್ಲೇ: ಅರ್ಧ ತಟ್ಟೆ ಕಾಯಿಪಲ್ಯ, ಜೊತೆಗೆ ತತ್ತಿ, ಕೋಳಿ, ಪನೀರು ಇಲ್ಲವೆ ಚೀಸು, ಮೊಸರು. ಮಧ್ಯಾಹ್ನ ಒಂದು ರೊಟ್ಟಿ. ಊಟ ಬದಲಾದಂತೆ ಗುಳಿಗೆಯೂ ಬದಲಾಗಬೇಕಾಗುತ್ತದೆ, ತಾನಾಗಿ ಬಿಡಬಾರದು, ವಾರಕ್ಕೊಮ್ಮೆ ಸಕ್ಕರೆ ನೋಡಿಸಬೇಕು ಎಂದು ಎರಡು ಸಲ ಹೇಳಿ ಕಳಿಸಿದರು.

ಒಂದು ರೊಟ್ಟಿಯ ಪಥ್ಯ ಒಂಬತ್ತು ದಿನ ನಡೆಯಿತು. ಒಂಬತ್ತು ದಿನವೂ ಒಂದು ಮೂರಾಯಿತು. ಬಿಸಿ ರೊಟ್ಟಿಯ ಗುಡ್ಡೆಯನ್ನು ಮಗ್ಗುಲಲ್ಲಿಟ್ಟುಕೊಂಡು ಕೂರುವವಳಿಗೆ ಒಂದರಲ್ಲಿ ನಿಲ್ಲುವುದಕ್ಕಿಂತ ಪೂರ್ತಿ ಬಿಡುವುದೇ ಹಗುರ. ಹತ್ತನೆಯ ದಿನ ಬಿಟ್ಟಳು. ಡಾಕ್ಟರಿಗೂ ಹೇಳಿದಳು. ಅವರು ಗುಳಿಗೆ ಕಡಿಮೆ ಮಾಡಿ, ಆಗಲಿ ಎಂದರು.

ಅಂದಿನಿಂದ ಅವಳ ಅಡುಗೆ ಬೇರೆಯಾಯಿತು. ರೊಟ್ಟಿ ಮುಗಿದ ಮೇಲೆ ಹಂಚಿನಲ್ಲಿ ಉಳಿಯುವ ಕಾವೇ ಅದಕ್ಕೆ ಸಾಕು. ಎದೆಯ ಭಾಗದ ಕೋಳಿಯನ್ನು ಬೆರಳಗಲ ಸೀಳಿ ಮೊಸರು, ಬಳ್ಳುಳ್ಳಿ, ಅರಿಶಿನ, ಕೆಂಪು ಖಾರ ಹಚ್ಚಿ ಬೆಳಿಗ್ಗೆಯೇ ಇಟ್ಟಿರುತ್ತಾಳೆ. ಕೋಸನ್ನು ದಾರದಂತೆ ಹೆಚ್ಚುತ್ತಾಳೆ. ಒಂದು ಚಮಚ ಎಣ್ಣೆಯಲ್ಲಿ ಮೊದಲು ಕೋಳಿ, ಅದು ನೀರು ಬಿಟ್ಟು ಹೀರಿಕೊಂಡ ಮೇಲೆ ಕೋಸು, ದೊಣ್ಣಮೆಣಸಿನಕಾಯಿ, ಒಂದು ಹಿಡಿ ಮೆಂತೆಸೊಪ್ಪು. ಗುರೆಳ್ಳು ಪುಡಿ ಉದುರಿಸಿ, ಬೇಕರಿಯ ಮುಜಫರನ ಹತ್ತಿರ ತಂದ ಚೀಸನ್ನು ಮೇಲೆ ತುರಿದು ತಟ್ಟೆ ಮುಚ್ಚಿ ಕೆಳಗಿಳಿಸುತ್ತಾಳೆ. ಸೋಮವಾರ, ಅಮಾವಾಸ್ಯೆಗೆ ಕೋಳಿ ಇಲ್ಲ. ಆ ದಿನ ಹೂಕೋಸು ಅಥವಾ ಬದನೆಕಾಯಿಯ ಮೇಲೆ ಚೀಸು ಕೂರುತ್ತದೆ.

ಅತ್ತೆ ಸಾಯಬಮ್ಮ ಮೊದಲ ದಿನ ಚೀಸನ್ನು ಮೂಸಿ, ಸಾಬೂನು ತುರಿದು ತಿನ್ನುವವರನ್ನು ಇದೇ ಮೊದಲು ನೋಡಿದ್ದು ಎಂದಿದ್ದಳು. ರೊಟ್ಟಿ ಬಿಟ್ಟ ಸೊಸೆಯ ಕೈಕಾಲಲ್ಲಿ ಕಸುವು ಎಲ್ಲಿಂದ ಬರಬೇಕು ಎಂಬುದು ಅವಳ ನಿತ್ಯದ ತಕರಾರು.

“ಜೋಳ ತಿಂದವ ತೋಳ ಅಂತ ಹಿರ್ಯಾರು ಸುಮ್ನ ಅಂದಾರೇನು?”

“ತೋಳ ಕೋಳಿ ತಿಂತೈತಿ ಅತ್ತಿ. ಜೋಳ ತಿನ್ನೂದು ಯಾರ್ ನೋಡ್ಯಾರ?”

ಶರೀಫಾಬೀ ನಕ್ಕ ನಗೆಗೆ ಹಂಚಿನ ಮೇಲಿದ್ದ ರೊಟ್ಟಿ ಕರಿಯಾಯಿತು. ಐದು ತಿಂಗಳಾದ ಮೇಲೆ ರಕ್ತಪರೀಕ್ಷೆಯ ಅಂಕಿ 7.2ಕ್ಕೆ ಇಳಿದಿತ್ತು. ಸಾಯಬಮ್ಮ ಆ ಕಾಗದವನ್ನು ತಲೆಕೆಳಗಾಗಿ ಹಿಡಿದು ನೋಡಿ, ಆಗಲಿ ಬಿಡು ಎಂದಿದ್ದಳು.

ಇದೆಲ್ಲವನ್ನೂ ಭಾರತಿ ಆ ಸೋಮವಾರ ತಿರುಪತಿಗೆ ಹೇಳಿದಳು. ಜೋಳ ಕೆಂಭಾವಿ ಸಂತೆಯದು, ಸರದಾರಸಾಬನ ಗಿರಣಿಯಲ್ಲಿ ತಾನೇ ನಿಂತು ಬೀಸಿಸಿದ್ದು, ಬೇಕಾದರೆ ಹಿಟ್ಟಿನ ಡಬ್ಬಿಯಲ್ಲಿ ಕೈ ಹಾಕಿ ನೋಡಲಿ ಎಂದಳು. ತಿರುಪತಿ ಕೈ ಹಾಕಲಿಲ್ಲ. ಅವನಿಗೆ ಅವಳ ಮೇಲೆ ಅನುಮಾನವಿರಲಿಲ್ಲ, ಗಿರಾಕಿಯ ಭಯವಿತ್ತು.

“ಹಿಟ್ಟು ನೋಡಾಕ ಯಾರ್ ಬರ್ತಾರ ಭಾರತವ್ವ? ಮಂದಿ ಬಾಯಿ ನೋಡ್ತಾರ. ನಾಳಿ ಮಧ್ಯಾಹ್ನ ಬಾ, ನಡುವಿನ ಟೇಬಲ್ಲಿಗೆ ಕುಂದ್ರು, ನಾಕ್ ಮಂದಿ ಮುಂದ ಒಂದ್ ರೊಟ್ಟಿ ತಿನ್ನು. ಮುಗೀತು.”

ತಿನ್ನದಿದ್ದರೆ ಏನು ಎಂದು ಅವಳು ಕೇಳಿದಳು. ದೇವಾಪುರದ ಇಬ್ಬರು ಹೆಂಗಸರು ರೊಟ್ಟಿ ಕೊಡುತ್ತೇವೆಂದು ಆಗಲೇ ಬಂದು ಹೋಗಿದ್ದಾರೆ ಎಂದು ತಿರುಪತಿ ನೆಲ ನೋಡುತ್ತಾ ಹೇಳಿದ.

ಅವನು ಹೋದ ಮೇಲೆ ಮನೆಯವರೆಲ್ಲ ಒಂದೇ ಪಕ್ಷವಾದರು. ಒಂದು ರೊಟ್ಟಿಯಿಂದ ಏನಾಗುತ್ತದೆ ಎಂದ ರಾಮಣ್ಣ. ಡಾಕ್ಟರೇ ಒಂದು ಬರೆದಿದ್ದಾರಲ್ಲ ಎಂದಳು ಸಾಯಬಮ್ಮ, ಆ ಚೀಟಿಯ ಮೇಲೆ ಆವತ್ತೇ ಮೊದಲ ಬಾರಿಗೆ ಭಕ್ತಿ ಹುಟ್ಟಿದವಳಂತೆ. ಶರೀಫಾಬೀ ಕೂಡ, ಕಷಾಯದಂತೆ ಕಣ್ಣು ಮುಚ್ಚಿ ನುಂಗಿಬಿಡು ಎಂದಳು.

ಒಂದು ರೊಟ್ಟಿಯಿಂದ ಏನೂ ಆಗುವುದಿಲ್ಲ ಎಂದು ಭಾರತಿಗೆ ಅವರಿಗಿಂತ ಚೆನ್ನಾಗಿ ಗೊತ್ತಿತ್ತು. ತನ್ನ ನಾಲಿಗೆಯ ಭಯ ಇತ್ತು, ಅದು ನಿಜ. ಆದರೆ ಗಂಟಲಲ್ಲಿ ಸಿಕ್ಕಿಕೊಂಡದ್ದು ಬೇರೆ. ಒಂಬತ್ತು ವರ್ಷದ ರೊಟ್ಟಿಗೆ ಸಾಕ್ಷಿ ಬೇಕಂತೆ, ಆ ಸಾಕ್ಷಿಯನ್ನು ಅವಳು ಅಗಿದು ತೋರಿಸಬೇಕಂತೆ. ನಾಳೆ ಒಂದು ತಿಂದರೆ, ಮುಂದೆ ಯಾವನಿಗೆ ಅನುಮಾನ ಬಂದಾಗಲೂ ಒಂದು ತಿನ್ನಬೇಕು. ಆಗ ಅವಳ ಊಟ ಬರೆಯುವವರು ಯಾದಗಿರಿಯ ಡಾಕ್ಟರಲ್ಲ, ಖಾನಾವಳಿಯ ಬೆಂಚು.

“ಸಾಯಂಗಿಲ್ಲ, ಗೊತ್ತೈತಿ” ಎಂದಳು ಗಂಡನಿಗೆ. “ಆದ್ರ ಹೆದರಿ ತಿನ್ನಂಗಿಲ್ಲ.”

ಮಂಗಳವಾರ ಎಂದಿನಂತೆ ರೊಟ್ಟಿ ಬಡಿದಳು. ಎಂದಿನಂತೆ ಕೋಳಿ ಸೀಳಿ ಹಂಚಿಗೆ ಹಾಕಿದಳು. ಚೀಸು ಮಾತ್ರ ಕೊಂಚ ಜಾಸ್ತಿಯೇ ತುರಿದಳು. ರಾಮಣ್ಣ ಬುಟ್ಟಿ ಹೇರಿಕೊಂಡು ಟಂಟಂ ಓಡಿಸಿದ. ಖಾನಾವಳಿ ಮುಟ್ಟಿದಾಗ ಹನ್ನೆರಡೂವರೆ.

ಒಳಗೆ ಮೂವತ್ತು ಮಂದಿಯಾದರೂ ಇದ್ದರು. ಕಲಬುರಗಿ ಬಸ್ಸಿನ ಡ್ರೈವರು, ಕಂಡಕ್ಟರು, ತಹಸೀಲ ಕಚೇರಿಗೆ ಬಂದ ರೈತರು. ತಟ್ಟೆಗಳಲ್ಲಿ ಪಲ್ಯ, ಉಳ್ಳಾಗಡ್ಡಿ ಬಿದ್ದಾಗಿತ್ತು, ರೊಟ್ಟಿಗಾಗಿ ಕಾಯುತ್ತಿದ್ದರು. ನಡುವಿನ ಟೇಬಲ್ಲು ಖಾಲಿ ಇತ್ತು. ತಿರುಪತಿ ಬುಟ್ಟಿಯಿಂದ ಒಂದು ರೊಟ್ಟಿ ತೆಗೆದು, ಎಣಗಾಯಿ ಬದನೆಕಾಯಿ ಬಡಿಸಿದ ತಟ್ಟೆಯಲ್ಲಿಟ್ಟು ಅವಳ ಮುಂದೆ ತಂದ.

“ಉಣ್ಣವ್ವ” ಎಂದ, ಎಲ್ಲರಿಗೂ ಕೇಳುವಂತೆ.

ಭಾರತಿ ಕೂರಲಿಲ್ಲ. ತನಗೆ ಸಕ್ಕರೆ ಕಾಯಿಲೆ ಇದೆ, ರೊಟ್ಟಿ ಬಿಟ್ಟು ಐದು ತಿಂಗಳಾಯಿತು, ಹಿಟ್ಟು ನೋಡುವವರು ಯಾವ ಬೆಳಿಗ್ಗೆಯಾದರೂ ರಂಗಂಪೇಟೆಗೆ ಬರಬಹುದು ಎಂದು ನಿಧಾನವಾಗಿ ಹೇಳಿದಳು. ಹಿಂದಿನಿಂದ ಒಬ್ಬ, ನೀನೇ ತಿನ್ನದ್ದನ್ನು ನಾವ್ಯಾಕೆ ತಿನ್ನಬೇಕು ಎಂದ. ಅವನತ್ತ ತಿರುಗಿದಳು.

“ನಿಮ್ಮ ಮನ್ಯಾಗಿನ ಹೆಣಮಕ್ಕಳ ಜಂಪರ ಯಾರ್ ಹೊಲೀತಾರ್ರಿ?”

ಅವನು ತಬ್ಬಿಬ್ಬಾಗಿ ಯಾರೋ ದರ್ಜಿಯ ಹೆಸರು ಹೇಳಿದ.

“ಹೊಲಿದ ಮ್ಯಾಲ ಮೊದ್ಲ ನೀನ ತೊಟ್ಟು ತೋರ್ಸು ಅಂತ ಆತಗ ಕೇಳೀರೇನು?”

ಮೊದಲು ಡ್ರೈವರು ನಕ್ಕ, ಆಮೇಲೆ ಅರ್ಧ ಖಾನಾವಳಿ. ತಿರುಪತಿ ನಗಲಿಲ್ಲ. ಅವನ ಕಿವಿ ಕೆಂಪಾಗಿತ್ತು. ತನ್ನ ಅಂಗಡಿಯಲ್ಲಿ, ತಾನೇ ಇಟ್ಟ ತಟ್ಟೆಯ ಮುಂದೆ, ಅವಳು ಇನ್ನೂ ನಿಂತೇ ಇದ್ದಳು.

“ಮಾತ್ ಬ್ಯಾಡ. ತಿಂತೀಯೋ ಇಲ್ಲೋ?”

“ಇಲ್ರಿ.”

“ಹಂಗಾದ್ರ ನಾಳಿಯಿಂದ ರೊಟ್ಟಿ ತರಬ್ಯಾಡ.”

“ನಾಳಿಯಿಂದ ಯಾಕ್ರಿ ಅಣ್ಣಾರ? ಸಂಶಯ ಇದ್ದದ್ದು ಇವತ್ತರ ಯಾಕ್ ಉಣಸ್ತೀರಿ ಮಂದಿಗೆ?”

ಹೀಗೆಂದವಳು ಬುಟ್ಟಿಯ ಅರಿವೆ ಮುಚ್ಚಿ, ಸಿಂಬಿ ಇಟ್ಟುಕೊಂಡು, ನೂರ ನಲವತ್ತೊಂಬತ್ತು ರೊಟ್ಟಿಯನ್ನು ಒಬ್ಬಳೇ ತಲೆಗೇರಿಸಿದಳು. ಇದನ್ನು ಅವಳು ಮನೆಯಲ್ಲಿ ಯೋಚಿಸಿ ಬಂದಿರಲಿಲ್ಲ. ಹೊರಗೆ ಟಂಟಂನಲ್ಲಿ ಕುಳಿತಿದ್ದ ರಾಮಣ್ಣ ಅವಳನ್ನು ನೋಡಿ ಗಾಬರಿಯಾಗಿ ಎದ್ದು ನಿಂತ. ಬಾಗಿಲಿಗೆ ನಾಲ್ಕು ಹೆಜ್ಜೆ. ಎರಡು ಹೆಜ್ಜೆ ಇಡುವಷ್ಟರಲ್ಲಿ, ಮೂವತ್ತು ತಟ್ಟೆಗಳಲ್ಲಿ ಪಲ್ಯ ಮಾತ್ರ ಉಳಿದಿದೆ ಎಂಬುದು ಮೂವತ್ತು ಮಂದಿಗೂ ತಿಳಿಯಿತು.

“ಏ ತಿರುಪತಿ” ಎಂದ ಕಂಡಕ್ಟರು, “ಒಂದ್ ಗಂಟೆಕ್ಕ ಬಸ್ ಬಿಡಬೇಕು. ಆಕಿ ಹೊಟ್ಟಿ ಚಿಂತಿ ಆಕಿಗಿರಲಿ, ನಮ್ ಹೊಟ್ಟಿ ನೋಡು ಮಾರಾಯ.”

ಬೆಂಚುಗಳಿಂದ ಹೌದು ಹೌದು ಎಂಬ ದನಿ ಬಂತು. ಎಲ್ಲರದೂ ಅಲ್ಲ. ಇಬ್ಬರು ಎದ್ದು, ಕೈ ತೊಳೆದು, ಉಣ್ಣದೆ ಹೊರಟರು. ಭಾರತಿ ಅವರಿಗೆ ದಾರಿ ಬಿಟ್ಟಳು. ತಿರುಪತಿ ಹೋಗುತ್ತಿದ್ದವರನ್ನು ನೋಡಿದ, ಕುಳಿತವರನ್ನು ನೋಡಿದ. ಕುಳಿತವರು ಇಪ್ಪತ್ತೆಂಟು. ಅವಳ ಹತ್ತಿರ ಬಂದು ಬುಟ್ಟಿಗೆ ಕೈ ಕೊಟ್ಟ.

ಅವಳು ಬುಟ್ಟಿ ಬಿಡಲಿಲ್ಲ.

“ಇಡ್ತೀನ್ರಿ. ಒಂದ್ ಮಾತೈತಿ. ರೊಟ್ಟಿ ಛಲೋ ಇಲ್ಲಂದ್ರ ಬೈರಿ, ನನ್ ಮುಂದ ಒಗೀರಿ, ಕೇಳ್ತೀನಿ. ನನ್ ಬುತ್ತ್ಯಾಗ ಏನೈತಿ ಅನ್ನೂದು ನಿಮಗ ಬ್ಯಾಡ.”

ತಿರುಪತಿ ಬುಟ್ಟಿ ಇಳಿಸಿಕೊಂಡು, ಅರಿವೆ ಸರಿಸಿ, ತಾನೇ ಬಡಿಸಲು ಹೊರಟ.

ಭಾರತಿ ನಡುವಿನ ಟೇಬಲ್ಲಿಗೆ ಕುಳಿತಳು. ತಟ್ಟೆಯಲ್ಲಿದ್ದ ರೊಟ್ಟಿಯನ್ನು ಎತ್ತಿ ಪಕ್ಕದ ಬೆಂಚಿನ ಕಂಡಕ್ಟರಿಗೆ ಹಾಕಿದಳು. ಎಣಗಾಯಿಯನ್ನು ಇಟ್ಟುಕೊಂಡಳು, ಬದನೆಕಾಯಿಯ ಮೇಲೆ ಅವಳಿಗೆ ಸಿಟ್ಟಿರಲಿಲ್ಲ. ಆಮೇಲೆ ಡಬ್ಬಿ ಬಿಚ್ಚಿದಳು. ಸುತ್ತಲೂ ರೊಟ್ಟಿ ಮುರಿಯುತ್ತಿದ್ದರು. ಆ ವಾಸನೆಗೆ ಬಾಯಲ್ಲಿ ನೀರು ಬಂತು. ಐದು ತಿಂಗಳಾದರೂ ಬರುತ್ತದೆ. ಬರಲಿ ಎಂದುಕೊಂಡು ಕೋಳಿಯ ತುಂಡನ್ನು ಚೀಸಿನ ಸಮೇತ ಬಾಯಿಗಿಟ್ಟಳು. ಯಾರು ನೋಡುತ್ತಿದ್ದಾರೆಂದು ಅವಳು ತಲೆ ಎತ್ತಲಿಲ್ಲ. ತಳದ ಕೋಸಿನ ಎಳೆಯವರೆಗೂ ಅವಸರವಿಲ್ಲದೆ ಉಂಡು, ಡಬ್ಬಿ ತೊಳೆದು, ಖಾಲಿ ಬುಟ್ಟಿ ಕಂಕುಳಲ್ಲಿ ಇಟ್ಟುಕೊಂಡಳು.

“ನಾಳಿ ಹನ್ನೆರಡೂವರಿಗೆ ತರ್ತೀನ್ರಿ. ಬ್ಯಾಡಂದ್ರ ಈಗ ಹೇಳ್ರಿ.”

ತಿರುಪತಿ ಎರಡೂ ಕೈಯಲ್ಲಿ ಪಲ್ಯದ ಬಟ್ಟಲು ಹಿಡಿದು ಬೆಂಚುಗಳ ನಡುವೆ ಹೊರಟಿದ್ದ. ಮುಖ ತಿರುಗಿಸಲಿಲ್ಲ.

“ಹನ್ನೆರಡಕ್ಕ ತಾ” ಎಂದ. “ಮಂದಿ ಕಾಯ್ತಾರ.”