ಹಾಳೆಯ ಬೆನ್ನು

ಸ್ಕ್ಯಾನರಿನ ಗಾಜಿನಡಿ ಹಸಿರು ಬೆಳಕು ಮತ್ತೆ ಸರಿದುಹೋಯಿತು, ನಿಂತ ನೀರಿನೊಳಗೆ ಮೀನು ಹೊರಳಿದ ಹಾಗೆ, ಇವಳು ಹಾಳೆಯನ್ನೆತ್ತಿ ರಟ್ಟಿನ ಪೆಟ್ಟಿಗೆಗೆ ಹಾಕುತ್ತಾಳೆ, ಇನ್ನೊಂದು, ಮತ್ತೊಂದು — ಮಗುಚುವುದೇ ಇಲ್ಲವಲ್ಲ, ಯಾಕಮ್ಮ ಎಂದೆ, ಮುಂಬದಿ ಮಾತ್ರ ಅಂತ ಆರ್ಡರ್ ಸಾರ್, ದಿನಕ್ಕೆ ಎಂಟುನೂರು ಸ್ಕ್ಯಾನ್ ಆಗ್ಬೇಕು — ಚರಿತ್ರೆಯ ಎಂ.ಎ.ಯಲ್ಲಿ ಮೊದಲ ರ‍್ಯಾಂಕ್ ಪಡೆದವಳು, ನನ್ನ ಕೊನೆಯ ತರಗತಿಯ ವಿದ್ಯಾರ್ಥಿನಿ, ದಾಖಲೆ ಕಚೇರಿಯ ಈ ಕಿಟಕಿಯಿಲ್ಲದ ಕೋಣೆಯಲ್ಲಿ ಹಾಳೆ ಹಾಸುವ ಕೆಲಸ, ಇದನ್ನೂ ನಾನೇ ಹೇಳಿ ಕೊಡಿಸಿದ್ದು, ಇತಿಹಾಸ ಓದಿ ಏನ್ ಮಾಡ್ತಾಳೆ ಮೇಷ್ಟ್ರೇ, ಸತ್ತೋರಿಗೆ ಹಾಜರಿ ಹಾಕ್ತಾಳಾ ಎಂದು ಅವಳಪ್ಪ ಕೇಳಿದಾಗ ಎಷ್ಟು ಠೀವಿಯಿಂದ ಉತ್ತರಿಸಿದ್ದೆ, ಪತ್ರಾಗಾರ, ವಸ್ತುಸಂಗ್ರಹಾಲಯ, ಪತ್ರಿಕೆ, ನ್ಯಾಯಾಲಯ, ಸಾಕ್ಷಿಯನ್ನು ತೂಗಿ ನೋಡಬಲ್ಲವರು ಎಲ್ಲಿ ಬೇಡ ಹೇಳಿ ಎಂದು — ತೂಗುವುದಿರಲಿ, ತಿರುಗಿಸಿ ನೋಡಲೂ ಬಿಡರು, ನಾನೇ ಪೆಟ್ಟಿಗೆಯಿಂದ ಒಂದನ್ನೆತ್ತಿ ಮಗುಚಿದೆ, ನೂಲಿನ ಗಿರಣಿಯ ಹಳೆಯ ಹೇಳಿಕೆಪತ್ರ, ಮುಂದೆ ಗುಮಾಸ್ತನ ಮುತ್ತಿನಂಥ ಅಕ್ಷರ, ಈ ಗಿರಣಿಯಲ್ಲಿ ಮಕ್ಕಳು ದುಡಿಯುತ್ತಿಲ್ಲ, ಕೆಲಸಗಾರರೆಲ್ಲರ ಒಪ್ಪಿಗೆ ಇದೆ, ಹಿಂಬದಿಯಲ್ಲಿ ಹದಿನೇಳು ಹೆಬ್ಬೆಟ್ಟು, ಕೊನೆಯದು ನನ್ನ ಕಿರುಬೆರಳಿನ ತುದಿಗಿಂತ ಚಿಕ್ಕದು, ನೂಲು ಕೊಯ್ದ ಗೀರೊಂದು ಅದರ ನಡುವೆ ಬಿಳಿಯಾಗಿ ಉಳಿದಿದೆ — ಹೆಬ್ಬೆಟ್ಟನ್ನ ಯಾರ್ ಓದ್ತಾರೆ ಸಾರ್, ಪಕ್ಕದ ಮೇಜಿನ ಅಧಿಕಾರಿ ನಗುತ್ತಾನೆ, ಸಂಜೆ ಲಾರಿ ಬರುತ್ತದಂತೆ, ಸ್ಕ್ಯಾನ್ ಆದದ್ದೆಲ್ಲ ಕಾಗದದ ಕಾರ್ಖಾನೆಗೆ, ಹೊಸ ಕಾಗದಕ್ಕೆಂದು ಅರೆದು ಗಂಜಿ ಮಾಡುತ್ತಾರೆ, ಯಾವ ಮೂರ್ಖ ಕೊಟ್ಟ ಸಲಹೆ ಇದು ಎಂದು ಗುಡುಗಿದೆ, ಈ ವಯಸ್ಸಿನಲ್ಲಿ ನನ್ನ ದನಿ ಇನ್ನೂ ಇಷ್ಟಿದೆಯೆಂದು ನನಗೇ ಗೊತ್ತಿರಲಿಲ್ಲ, ಅವನು ಸಾವಕಾಶವಾಗಿ ಕಡತ ಬಿಚ್ಚಿದ, ಹಾಳೆಗೆ ಒಂದು ಮುಖ ಸಾಕು, ತಜ್ಞರ ಸಮಿತಿಯ ಅಭಿಪ್ರಾಯ, ಕೆಳಗೆ ಬಾಲ ಸುತ್ತಿಕೊಂಡ ಸಹಿ — ನನ್ನದು, ಹೋದ ವರ್ಷ, ಹತ್ತು ಹಾಳೆ ನೋಡಿದ್ದೆ, ಹತ್ತೂ ಮುಂಬದಿಯಿಂದ, ಮೂವತ್ತು ವರ್ಷ ಸಾಕ್ಷಿಯ ಪಾಠ ಹೇಳಿದವನು, ಥೂ — ರದ್ದು ಎಂದು ಬರೆಯಲು ಪೆನ್ನೆತ್ತಿದೆ, ಸಮಿತಿ ಮುಗೀತಲ್ಲ ಸಾರ್, ಈಗ ನೀವ್ ಬರೆದ್ರೂ ನಡೆಯಲ್ಲ ಎಂದ ಅಧಿಕಾರಿ — ಇವಳು ತಲೆಯೆತ್ತದೆ ಒಂದು ಹಾಳೆಯನ್ನು ಮಗುಚಿ ಹಾಸಿದಳು, ಇನ್ಮೇಲೆ ಎರಡೂ ಬದಿ ಸಾರ್, ದಿನಕ್ಕೆ ನಾನೂರೇ ಆಗ್ಲಿ, ಕೆಲಸದಿಂದ ತೆಗೆದ್ರೆ ಇನ್ನೊಂದು ಕಡೆಗೆ ಶಿಫಾರಸು ಪತ್ರ ಬರ್ಕೊಡಿ, ಅದನ್ನಾದ್ರೂ ಹಿಂದೆ ಮುಂದೆ ನೋಡಿ ಬರೀರಿ — ನಗಲೇ, ಹೊರಗೆ ಲಾರಿ ಹಿಮ್ಮುಖವಾಗಿ ಬರುತ್ತಿದೆ, ಬಾಗಿಲ ಬಳಿ ಕಟ್ಟಿಟ್ಟ ಪೆಟ್ಟಿಗೆಗಳು ಹನ್ನೊಂದು, ಒಳಗಿನ ಒಂದು ಹಾಳೆಯನ್ನೂ ಮಗುಚಿಲ್ಲ, ಒಂದನ್ನೂ — ಹದಿನೇಳನೆಯದು, ಕಿರುಬೆರಳಿನ ತುದಿಗಿಂತ ಚಿಕ್ಕದು, ನಡುವೆ ಬಿಳಿ ಗೀರು, ಬಿಳಿ ಗೀರು