ಬಣ್ಣ ಹೋದ ನಳಿಕೆ

ಮದ್ದಿನ ಹನಿ ಬಿದ್ದು ಒಂದು ನಿಮಿಷವೂ ಆಗಿರಲಿಲ್ಲ, ನಳಿಕೆಯಲ್ಲಿದ್ದ ಗುಲಾಬಿ ಬಣ್ಣ ತೆಳುವಾಗತೊಡಗಿತು. ಪುಟ್ಟಿ ಅದನ್ನು ಕಿಟಕಿಯ ಬೆಳಕಿಗೆ ಹಿಡಿದಳು. ನೋಡನೋಡುತ್ತಿದ್ದಂತೆ ಬಣ್ಣವೆಲ್ಲ ಹೋಗಿ ಕುಡಿಯುವ ನೀರಿನಂತಾಯಿತು. ಪಕ್ಕದ ನಳಿಕೆಗೂ ಅಷ್ಟೇ ಹನಿ ಹಾಕಿದ್ದಳು, ಆದರೆ ಬರೀ ನೀರಿನದು. ಅದು ಗುಲಾಬಿಯಾಗಿಯೇ ನಿಂತಿತ್ತು. ಎರಡರಲ್ಲೂ ಇದ್ದದ್ದು ಬರೀ ರಾಸಾಯನಿಕಗಳಿಂದ ಮಾಡಿದ ಬಣ್ಣ, ಕಣ್ಣಿನ ಒಂದೇ ಒಂದು ಜೀವಕೋಶ ಇರಲಿಲ್ಲ.

ಗೋಡೆಯ ಗಡಿಯಾರದಲ್ಲಿ ಒಂಬತ್ತು ಗಂಟೆ ಹತ್ತು ನಿಮಿಷ. ಮದ್ದನ್ನು ಮನುಷ್ಯರಿಗೆ ಕೊಡಬಹುದೇ ಎಂದು ತೀರ್ಮಾನಿಸಲು ಹನ್ನೊಂದಕ್ಕೆ ಸಮಿತಿಯ ಸಭೆ.

ಇನ್ನೊಂದು ಜೊತೆ ನಳಿಕೆ ತೆಗೆದುಕೊಂಡಳು. ಮತ್ತೆ ಹಾಗೇ ಆಯಿತು. ಮೂರನೆಯದೂ ಬಣ್ಣ ಬಿಟ್ಟಿತು. ಅವಳು ಎತ್ತರದ ಸ್ಟೂಲಿನ ಮೇಲೆ ಧೊಪ್ಪನೆ ಕುಳಿತುಬಿಟ್ಟಳು.

ಮನೆಯಲ್ಲಿ ಅವಳಿಗೆ ಪುಟ್ಟಿ ಎಂದೇ ಹೆಸರು, ನಲವತ್ತಕ್ಕೆ ಎರಡೇ ವರ್ಷ ಕಡಿಮೆ ಇದ್ದರೂ. ಈ ಪ್ರಯೋಗಾಲಯದಲ್ಲಿ ಅವಳು ಮೇಡಂ. ನಾಲ್ಕು ವರ್ಷದಿಂದ ಅವಳು ಮಾಡುತ್ತಿದ್ದದ್ದು ಒಂದೇ ಕೆಲಸ, ಕಣ್ಣಿನ ಊತಕ್ಕೊಂದು ಮದ್ದು. ಕಣ್ಣಿನೊಳಗೆ ಊತ ಬಂದಾಗ ಅಲ್ಲಿನ ಜೀವಕೋಶಗಳು ಆಮ್ಲಜನಕದ ಹೊಡೆತಕ್ಕೆ ಸಿಕ್ಕು ಹಾಳಾಗುತ್ತವೆ. ಕಬ್ಬಿಣಕ್ಕೆ ತುಕ್ಕು ಹಿಡಿದ ಹಾಗೆ ಅಂತ ಇಟ್ಟುಕೊಳ್ಳಬಹುದು. ಆ ಹಾಳನ್ನು ಅಳೆಯಲು ಒಂದು ರಾಸಾಯನಿಕ ಹಾಕಿ ಕುದಿಸಿದರೆ ನೀರು ಗುಲಾಬಿಯಾಗುತ್ತದೆ. ಹಾಳು ಹೆಚ್ಚಾದಷ್ಟೂ ಬಣ್ಣ ಗಾಢ. ಇವರ ಮದ್ದು ಹಾಕಿದ ಪ್ರಾಣಿಗಳ ಕಣ್ಣುಗಳಲ್ಲಿ ಗುಲಾಬಿ ಕಾಣಿಸುತ್ತಲೇ ಇರಲಿಲ್ಲ. ಮೊದಲ ಸಲ ಹಾಗೆ ಕಂಡ ದಿನ ಇಡೀ ಪ್ರಯೋಗಾಲಯ ಕುಣಿದಾಡಿತ್ತು. ಮದ್ದು ಕಣ್ಣನ್ನು ಕಾಪಾಡುತ್ತಿದೆ ಎಂದುಕೊಂಡಿದ್ದರು. ಮದ್ದು ಬಣ್ಣವನ್ನೇ ತಿಂದುಹಾಕುತ್ತಿರಬಹುದು ಎಂದು ಯಾರ ತಲೆಗೂ ಹೊಳೆದಿರಲಿಲ್ಲ. ಅಳೆಯುವ ವಿಧಾನವನ್ನು ಆರಿಸಿದ್ದವಳೇ ಪುಟ್ಟಿ.

ಅದು ಹೊಳೆಯುವಂತೆ ಮಾಡಿದ್ದು ಗಾಜಿನಮ್ಮ. ನಳಿಕೆ, ಬಾಟಲಿಗಳನ್ನೆಲ್ಲ ತೊಳೆಯುವ ಆಕೆಗೆ ಸಂಸ್ಥೆಯಲ್ಲಿ ಬೇರೆ ಹೆಸರೇ ಇರಲಿಲ್ಲ. ನಿನ್ನೆ ಸಂಜೆ ಸಿಂಕಿನ ಹತ್ತಿರ ಕೈ ಒರೆಸಿಕೊಳ್ಳುತ್ತ ಆಕೆ ಅಂದಿದ್ದಳು: “ಮೇಡಂ, ನಿಮ್ಮ ಮದ್ದನ್ನ ಕಣ್ಣಿಗೆ ಹಾಕೋ ಬದಲು ನನಗೆ ಒಂದು ಡಬ್ಬ ಕೊಟ್ಬಿಡಿ. ಆ ಗುಲಾಬಿ ಕಲೆ ಇದ್ಯಲ್ಲ, ಸೋಪು ಹಾಕಿ ತಿಕ್ಕಿ ತಿಕ್ಕಿ ನನ್ನ ರಟ್ಟೆ ಬಿದ್ದುಹೋಗುತ್ತೆ. ಮದ್ದಿನ ಬಾಟಲಿ ಗಲಬರಿಸಿದ ನೀರು ತಾಗಿದ್ರೆ ಸಾಕು, ತಿಕ್ಕೋದೇ ಬೇಡ!”

ಪುಟ್ಟಿ ನಕ್ಕಿದ್ದಳು. ಮನೆಗೆ ಹೋಗುವ ಬಸ್ಸಿನಲ್ಲಿ ಆ ಮಾತು ಮತ್ತೆ ನೆನಪಾಗಿ, ನಗು ಅರ್ಧಕ್ಕೇ ನಿಂತಿತ್ತು.

ಈಗ ಮೇಜಿನ ಮೇಲೆ ಫೋನು ಗುಂಯ್‌ಗುಟ್ಟಿತು. ಅಕ್ಕ.

“ಪುಟ್ಟೀ, ಕಾಗದ ಬಂತು ಕಣೇ! ಆಸ್ಪತ್ರೆಯಿಂದ. ನಾನೇ ಮೊದಲನೆಯವಳಂತೆ. ನಿಮ್ಮ ಸಮಿತಿಯವರು ಇವತ್ತು ಹೂಂ ಅಂದ್ರೆ ಸೋಮವಾರವೇ ಸೂಜಿ.”

“ಹೌದಾ ಅಕ್ಕಾ.”

“ಏನೇ ಅದು, ಯಾರೋ ಸತ್ತವರ ಮನೇಲಿ ಮಾತಾಡಿದ ಹಾಗೆ ಮಾತಾಡ್ತೀಯ? ಕಣ್ಣಿನೊಳಗೇ ಸೂಜಿ ಅಂದ ತಕ್ಷಣ ನಿನ್ನ ಭಾವ ಬೆವೆತುಹೋದ್ರು. ನನಗೇನೂ ಭಯ ಇಲ್ಲಪ್ಪ. ಮುಂದಿನ ತಿಂಗಳು ಡಿಪೋದವರ ಕಣ್ಣಿನ ಪರೀಕ್ಷೆ. ಅಷ್ಟರೊಳಗೆ ಬೋರ್ಡಿನ ಕೆಳಗಿನ ಸಾಲು ಓದೋ ಹಾಗಾದ್ರೆ ಸಾಕು, ಸ್ಟೇರಿಂಗು ಮತ್ತೆ ನನ್ನ ಕೈಗೆ.”

“ಅಕ್ಕ, ಆಮೇಲೆ ಮಾಡ್ತೀನಿ,” ಎಂದಷ್ಟೇ ಹೇಳಿ ಪುಟ್ಟಿ ಫೋನು ಕೆಳಗಿಟ್ಟಳು.

ಅಕ್ಕ ಹದಿನೆಂಟು ವರ್ಷ ನಗರದ ಬಸ್ಸು ಓಡಿಸಿದವಳು. ಎಡಗಣ್ಣಿಗೆ ಪದೇ ಪದೇ ಊತ ಬಂದು ನೋಟ ಮಬ್ಬಾದ ಮೇಲೆ ಅವಳನ್ನು ಡಿಪೋದಲ್ಲಿ ಕೂರಿಸಿದ್ದರು. ಈ ಪರೀಕ್ಷೆಯಲ್ಲೂ ಸೋತರೆ ಮತ್ತೆ ಚಾಲಕರ ಸೀಟು ಹತ್ತುವಂತಿರಲಿಲ್ಲ. ಹೊಸ ಮದ್ದು ಹಾಕಿಸಿಕೊಳ್ಳುವ ರೋಗಿಗಳ ಪಟ್ಟಿ ಮಾಡಿದವರು ಆಸ್ಪತ್ರೆಯ ಡಾಕ್ಟರು. ತನ್ನ ಅಕ್ಕನೂ ಅದರಲ್ಲಿದ್ದಾಳೆ ಎಂದು ಪುಟ್ಟಿ ಮೊದಲೇ ಬರೆದುಕೊಟ್ಟು, ರೋಗಿಗಳ ವಿಷಯದಿಂದ ಪೂರ್ತಿ ದೂರ ನಿಂತಿದ್ದಳು. ಆದರೂ ಅಕ್ಕನ ಹೆಸರು ಮೇಲೆ ಬಂದಾಗ ಖುಷಿಯಾಗಲಿಲ್ಲ ಎಂದರೆ ಸುಳ್ಳಾಗುತ್ತಿತ್ತು.

ಅವಳು ನಳಿಕೆಗಳನ್ನು ಸ್ಟ್ಯಾಂಡಿನಲ್ಲಿಟ್ಟುಕೊಂಡು ಮೇಷ್ಟ್ರ ಕೋಣೆಗೆ ಹೋದಳು. ಪ್ರಯೋಗಾಲಯದ ಮುಖ್ಯಸ್ಥರನ್ನು ಎಲ್ಲರೂ ಮೇಷ್ಟ್ರು ಎಂದೇ ಕರೆಯುತ್ತಿದ್ದರು. ಅವರು ಹೊಸ ಷರಟಿನ ಕಾಲರಿಗೆ ಬೆರಳು ತೂರಿಸಿ ಸಡಿಲ ಮಾಡಿಕೊಳ್ಳುತ್ತ ಭಾಷಣ ಓದಿಕೊಳ್ಳುತ್ತಿದ್ದರು. ಪುಟ್ಟಿ ಅವರೆದುರಿಗೇ ಹನಿ ಹಾಕಿ ತೋರಿಸಿದಳು.

ಬಣ್ಣ ಹೋಗುವವರೆಗೂ ಅವರು ನಳಿಕೆಯನ್ನೇ ನೋಡಿದರು. ಆಮೇಲೆ ಎದ್ದು ಹೋಗಿ ಬಾಗಿಲು ಹಾಕಿ ಬಂದರು.

“ಜೀವಕೋಶ ಇಲ್ವಾ ಇದರಲ್ಲಿ?”

“ಇಲ್ಲ ಸಾರ್.”

“ಎಷ್ಟು ಸಲ ಮಾಡಿದೆ?”

“ಮೂರು. ಇದು ನಾಲ್ಕನೆಯದು.”

ಮೇಷ್ಟ್ರು ಕನ್ನಡಕ ತೆಗೆದು ಮೂಗಿನ ಬುಡ ಒತ್ತಿಕೊಂಡರು. “ಊತದ ಅಳತೆ ಬೇರೆ ವಿಧಾನದ್ದು. ಅದೂ ಇಳಿದಿದೆಯಲ್ಲಮ್ಮ.”

“ಸ್ವಲ್ಪ ಇಳಿದಿದೆ. ಅಷ್ಟು ಸ್ವಲ್ಪ ನೋಡಿ ನಾವು ಮನುಷ್ಯರ ಕಣ್ಣಿಗೆ ಸೂಜಿ ಹಾಕಿ ಅನ್ನುತ್ತಿರಲಿಲ್ಲ ಸಾರ್. ನಾವು ನಂಬಿದ್ದು ಇದನ್ನ.” ಅವಳು ಬೆರಳಿನಿಂದ ನಳಿಕೆ ತೋರಿಸಿದಳು. “ಎಷ್ಟು ಮದ್ದು ಹಾಕಬೇಕು ಅನ್ನೋದನ್ನೂ ಇದನ್ನ ನೋಡಿಯೇ ಗೊತ್ತು ಮಾಡಿದ್ದು.”

“ಮದ್ದಿನಿಂದ ಕೆಟ್ಟದ್ದೇನೂ ಆಗಿಲ್ಲವಲ್ಲ, ಯಾವ ಪ್ರಾಣಿಗೂ?”

“ಕೆಟ್ಟದ್ದು ಆಗಿದ್ರೂ ಹೇಗೆ ಗೊತ್ತಾಗ್ತಿತ್ತು? ಹಾಳು ಅಳೆಯೋದಕ್ಕೆ ನಮ್ಮ ಹತ್ತಿರ ಇದ್ದದ್ದು ಈ ಬಣ್ಣವೇ.”

ಹೊರಗೆ ಯಾರೋ ಸಭೆಯ ಕೋಣೆಗೆ ಕುರ್ಚಿಗಳನ್ನು ಎಳೆದುಕೊಂಡು ಹೋಗುತ್ತಿದ್ದ ಸದ್ದು.

“ಇವತ್ತು ಒಪ್ಪಿಗೆ ಸಿಗಲಿ,” ಎಂದರು ಕೊನೆಗೆ, ಅವಳ ಮುಖ ನೋಡದೆ. “ವಾರದೊಳಗೆ ಬೇರೆ ವಿಧಾನದಲ್ಲಿ ಅಳೆದುನೋಡೋಣ. ಸರಿ ಬಂದರೆ ಸರಿ. ಬರದಿದ್ದರೆ ನಾನೇ ನಿಲ್ಲಿಸ್ತೀನಿ. ಮಾತು ಕೊಡ್ತೀನಿ.”

“ಮೊದಲ ಸೂಜಿ ಸೋಮವಾರ ಸಾರ್.”

“ಗೊತ್ತು.”

“ಅದು ನಮ್ಮ ಅಕ್ಕನಿಗೆ.”

ಮೇಷ್ಟ್ರು ತಲೆಯೆತ್ತಿದರು. ಅವರಿಗೆ ಅದು ಗೊತ್ತಿತ್ತು. ಆದರೆ ಆ ಕ್ಷಣದಲ್ಲಿ ಮರೆತಿದ್ದರು ಎಂಬುದು ಅವರ ಮುಖದ ಮೇಲೆ ಬರೆದಂತಿತ್ತು. ಪುಟ್ಟಿಗೆ ಅವರ ಮೇಲೆ ಸಿಟ್ಟು ಬರಲಿಲ್ಲ. ಅಕ್ಕನ ದನಿ ಕಿವಿಯಲ್ಲಿ ಇನ್ನೂ ಕುಣಿಯುತ್ತಿದ್ದಾಗ ಇದೇ ಮಾತು ಅವಳ ಮನಸ್ಸಿಗೂ ಬಂದು ಹೋಗಿತ್ತು. ಯಾರಿಗೆ ಗೊತ್ತು, ಆ ಸ್ವಲ್ಪದಿಂದಲೇ ಅಕ್ಕನಿಗೆ ವಾಸಿಯಾದರೆ?

“ನೀವು ಹೇಳ್ತೀರೋ, ನಾನು ಹೇಳಲೋ?” ಎಂದು ಕೇಳಿದಳು.

ಅವರು ಭಾಷಣದ ಹಾಳೆಗಳನ್ನು ಜೋಡಿಸಿಕೊಂಡು ಎದ್ದರು.

ಸಭೆಯಲ್ಲಿ ಏಳು ಜನರಿದ್ದರು. ಅಧ್ಯಕ್ಷೆ ಬಿಳಿಗೂದಲಿನವರು, ಕಣ್ಣಿನ ಶಸ್ತ್ರವೈದ್ಯೆ. ಕಾಗದಗಳನ್ನೆಲ್ಲ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಓದಿ ಬಂದವರಂತೆ ಅಂಚಿನಲ್ಲೆಲ್ಲ ಪೆನ್ಸಿಲ್ ಗುರುತು ಹಾಕಿದ್ದರು. ಮೇಷ್ಟ್ರು ಎದ್ದು ನಿಂತು ಮಾತು ಶುರುಮಾಡಿದರು. ರೋಗದ ವಿವರ ಆಯಿತು, ಮದ್ದಿನ ವಿವರ ಆಯಿತು. ಪರದೆಯ ಮೇಲೆ ಗುಲಾಬಿ ಬಣ್ಣದ ಅಳತೆಯ ಚಿತ್ರ ಬಂತು: ಮದ್ದಿಲ್ಲದ ಕಣ್ಣಿಗೆ ಒಂದು ಎತ್ತರದ ಕಂಬ, ಪಕ್ಕದಲ್ಲಿ ಮದ್ದು ಹಾಕಿದ ಕಣ್ಣಿಗೆ ನೆಲಕ್ಕೆ ಅಂಟಿದಂಥ ಇನ್ನೊಂದು. ಮೇಷ್ಟ್ರು ನೀರು ಕುಡಿದರು. ಈ ಚಿತ್ರ ದಾಟಿದರೆ ಮುಗಿಯಿತು.

“ಈ ಚಿತ್ರ...” ಎಂದರು ಮೇಷ್ಟ್ರು. ಮುಂದೆ ಮಾತು ಬರಲಿಲ್ಲ.

ಪುಟ್ಟಿ ಎದ್ದಳು. ಕುರ್ಚಿ ಹಿಂದಕ್ಕೆ ಸರಿದ ಸದ್ದಿಗೆ ಎಲ್ಲರೂ ತಿರುಗಿದರು. “ಈ ಚಿತ್ರ ತಪ್ಪು,” ಎಂದಳು. “ತೋರಿಸ್ತೀನಿ.”

ಜೊತೆಗೇ ತಂದಿದ್ದ ನಳಿಕೆ ತೆಗೆದು, ಏಳು ಜನರ ಎದುರಿಗೆ, ಐದನೆಯ ಸಲ, ಹನಿ ಹಾಕಿದಳು. ಗುಲಾಬಿ ಮತ್ತೆ ಬರೀ ನೀರಾಯಿತು.

ಅಧ್ಯಕ್ಷೆ ಎದ್ದು ಬಂದು ನಳಿಕೆಯನ್ನು ತಾವೇ ಕೈಗೆ ತೆಗೆದುಕೊಂಡು ಅಲುಗಿಸಿ ನೋಡಿದರು. “ನಿಮಗೆ ಇದು ಗೊತ್ತಾದದ್ದು ಯಾವಾಗ?”

“ಇವತ್ತು ಬೆಳಿಗ್ಗೆ.”

“ಹೇಗೆ ಗೊತ್ತಾಯ್ತು?”

“ನಮ್ಮಲ್ಲಿ ಗಾಜು ತೊಳೆಯುವವರು ಹೇಳಿದರು, ಮದ್ದು ತಾಗಿದರೆ ಕಲೆ ಹೋಗುತ್ತೆ ಅಂತ.”

ಯಾರೋ ನಕ್ಕರು. ಅಧ್ಯಕ್ಷೆ ನಗಲಿಲ್ಲ. “ಅವರ ಹೆಸರನ್ನೂ ನಡಾವಳಿಯಲ್ಲಿ ಬರೆಸಿ,” ಎಂದು ಹೇಳಿ ಕುಳಿತರು. ಆಮೇಲೆ ಹತ್ತೇ ನಿಮಿಷ. ಸೂಜಿ ಹಾಕುವುದನ್ನು ನಿಲ್ಲಿಸಬೇಕು, ಹಾಳನ್ನು ಬೇರೆ ಎರಡು ವಿಧಾನಗಳಲ್ಲಿ ಮೊದಲಿಂದ ಅಳೆಯಬೇಕು, ಪಟ್ಟಿಯಲ್ಲಿದ್ದವರಿಗೆ ಇವತ್ತೇ ತಿಳಿಸಬೇಕು ಎಂದಾಯಿತು. ಎಲ್ಲರೂ ಹೋದ ಮೇಲೆ ಖಾಲಿ ಕುರ್ಚಿಗಳ ನಡುವೆ ಮೇಷ್ಟ್ರು, ಪುಟ್ಟಿ ಇಬ್ಬರೇ ಉಳಿದರು. “ಮತ್ತೆ ಅಳೆಯೋದಕ್ಕೆ ಕಡಿಮೆ ಅಂದರೂ ಒಂದೂವರೆ ವರ್ಷ,” ಎಂದರು ಮೇಷ್ಟ್ರು, ಮೇಜಿಗೆ ಹೇಳುವಂತೆ. “ತಪ್ಪು ಅನ್ನೋ ಮಾತು ನನ್ನ ಬಾಯಲ್ಲಿ ಬರಲಿಲ್ಲ ನೋಡಮ್ಮ. ಬರುತ್ತೆ ಅಂದುಕೊಂಡಿದ್ದೆ.”

ಆಸ್ಪತ್ರೆಯವರು ಫೋನು ಮಾಡುವ ಮೊದಲೇ ಹೇಳಬೇಕೆಂದು ಪುಟ್ಟಿ ಡಿಪೋಗೆ ಓಡಿದಳು. ಅಷ್ಟರಲ್ಲಿ ಫೋನು ಬಂದಾಗಿತ್ತು. ಅಕ್ಕ ತಗಡಿನ ಶೆಡ್ಡಿನ ಕೆಳಗೆ, ಎಣ್ಣೆ ಮೆತ್ತಿದ ಬೆಂಚಿನ ಮೇಲೆ ಕೂತಿದ್ದಳು.

“ಏನೋ ಲೆಕ್ಕ ತಪ್ಪಿದೆ ಅಂದ್ರು,” ಎಂದಳು. “ಯಾರು ಹೇಳಿದ್ದು ತಪ್ಪಿದೆ ಅಂತ?”

“ನಾನೇ.”

ಅಕ್ಕನ ಕೆಂಪು ಕಣ್ಣಿನಿಂದ ನೀರು ಇಳಿಯುತ್ತಿತ್ತು. ಅದು ಅಳುವೋ ಕಾಯಿಲೆಯೋ ತಿಳಿಯುವಂತಿರಲಿಲ್ಲ. “ಒಂದು ವಾರ ಬಾಯಿ ಮುಚ್ಕೊಂಡಿದ್ದಿದ್ರೆ ನಿನ್ನ ಗಂಟೇನೇ ಹೋಗ್ತಿತ್ತು? ಹೋದ್ರೆ ನನ್ನ ಕಣ್ಣು ತಾನೇ? ಹೇಗಿದ್ರೂ ಹೋಗೋ ಕಣ್ಣು!”

“ಅರ್ಧ ನೋಟ ಇನ್ನೂ ಇದೆ ಅಕ್ಕ ಅದಕ್ಕೆ. ಹೋಗಿಲ್ಲ. ನಮ್ಮ ಮದ್ದಿನಿಂದ ಹೋಗಬಹುದಿತ್ತು.”

“ಹೋಗಬಹುದಿತ್ತು! ಬರಬಹುದಿತ್ತು!” ಅಕ್ಕನ ದನಿ ಏರಿತು. ಆಚೆ ಟೈರು ಬಿಚ್ಚುತ್ತಿದ್ದವರು ಇತ್ತ ನೋಡಿ ಮತ್ತೆ ಕೆಲಸಕ್ಕೆ ಬಗ್ಗಿದರು. “ನಿನಗೆ ಗೊತ್ತಾ ಬರಲ್ಲ ಅಂತ?”

“ಇಲ್ಲ,” ಎಂದಳು ಪುಟ್ಟಿ. “ಏನೂ ಗೊತ್ತಿಲ್ಲ. ನಾಲ್ಕು ವರ್ಷ ಗೊತ್ತು ಅಂದುಕೊಂಡಿದ್ದೆ.”

ಅಕ್ಕ ತಂಗಿಯ ಮುಖ ನೋಡಿದಳು. ಸೆರಗಿನಿಂದ ಕಣ್ಣು ಒರೆಸಿಕೊಂಡು ಆಚೆ ತಿರುಗಿ ಕೂತಳು.

ಗೇಟಿನಿಂದ ಒಂದು ಬಸ್ಸು ಒಳಗೆ ಬಂತು. ಎರಡು ಬಸ್ಸುಗಳ ನಡುವಿನ ಇಕ್ಕಟ್ಟಿಗೆ ಅದನ್ನು ಹಿಂದಕ್ಕೆ ತಂದು ನಿಲ್ಲಿಸಬೇಕಿತ್ತು. ಹೊಸ ಚಾಲಕ ಕಿಟಕಿಯಿಂದ ತಲೆ ಹೊರಗೆ ಹಾಕಿ ಅತ್ತಿತ್ತ ನೋಡುತ್ತಿದ್ದ. ಅಕ್ಕ ಎದ್ದು ಹೋದಳು. ಬಸ್ಸಿನ ಮೈಗೆ ಅಂಗೈ ಆನಿಸಿ, “ಬಾ... ಬಾ... ಇನ್ನೂ ಬಾ,” ಎನ್ನುತ್ತ ಜೊತೆಯಲ್ಲೇ ಹೆಜ್ಜೆ ಹಾಕಿದಳು. ಹಿಂಬದಿಯ ಗೋಡೆಗೆ ಒಂದು ಗೇಣು ಉಳಿದಿದ್ದಾಗ ತಗಡಿನ ಮೇಲೆ ಎರಡು ಸಲ ಬಲವಾಗಿ ತಟ್ಟಿದಳು. ಬಸ್ಸು ನಿಂತಿತು. ಎಂಜಿನ್ ಆರಿದ ಮೇಲೂ ಅವಳ ಕೈ ಅದರ ಬಿಸಿ ಮೈಯ ಮೇಲೆ ಸ್ವಲ್ಪ ಹೊತ್ತು ಹಾಗೇ ಇತ್ತು.